ಗಾಳಿ ನುಂಗಿದ ಪಫರ್ ಮೀನನ್ನು ಉಳಿಸಿದ್ದು ಹೀಗೆ

ಪಫರ್ ಎಂದರೆ ಹೆದರಿದಾಗ ನೀರು ನುಂಗಿ ಚೆಂಡಿನಂತೆ ಉಬ್ಬುವ ಮೀನು; ನೀರಿನಿಂದ ಹೊರಗಿದ್ದರೆ ನೀರಿನ ಬದಲು ಗಾಳಿ ನುಂಗಿಬಿಡುತ್ತದೆ. ಹಾಗೆ ಗಾಳಿ ನುಂಗಿದ ಪಫರ್ ಬದುಕುವುದಿಲ್ಲ ಎಂದು ತುಮಕೂರಿನಲ್ಲಿ ಮೀನಿನ ವ್ಯಾಪಾರ ಮಾಡುವ ಗೆಳೆಯರೆಲ್ಲ ನನಗೆ ಬುದ್ಧಿ ಹೇಳಿದವರೇ. ಸತ್ತರೆ ಮುನ್ನೂರು ರೂಪಾಯಿ ನಷ್ಟದ ಬಾಬ್ತಿಗೆ ಬರೆದು ಸುಮ್ಮನಾಗುತ್ತಿದ್ದರು. ಅವರು ಕೈಬಿಡುತ್ತಿದ್ದಂಥ ಒಂದು ಹಸಿರು ಚುಕ್ಕೆಯ ಪಫರ್ ಈಗ ನನ್ನ ಅಂಗಡಿಯಲ್ಲಿ ಎರಡನೆಯ ವರ್ಷ ಕಳೆಯುತ್ತಿದೆ.

ಅದು ಸಿದ್ಧಗಂಗಾ ಬಡಾವಣೆಯ ಮನೆಯೊಂದರ ಮೀನು. ರಾತ್ರಿ ಟ್ಯಾಂಕಿನ ಗಾಜು ಅಂಟಿಸಿದ್ದ ಸಿಲಿಕೋನ್ ಬಿಟ್ಟುಕೊಂಡು ನೀರೆಲ್ಲ ಹಜಾರಕ್ಕೆ ಹರಿದಿತ್ತು. ಮರಳಿನ ತಗ್ಗಿನಲ್ಲಿ ಉಳಿದ ಅರ್ಧ ಅಂಗುಲ ನೀರಿನಲ್ಲಿ ಮೀನು ಉಬ್ಬಿ, ಹೊಟ್ಟೆ ಮೇಲಾಗಿ ಬಿದ್ದಿತ್ತು. ಕಿವಿರು ಮಾತ್ರ ಆಗಾಗ ಅಲುಗುತ್ತಿತ್ತು. "ಮುಟ್ಟಬೇಡಿ ಅಣ್ಣಾ, ವಿಷ" ಎಂದು ಮನೆಯಾಕೆ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು.

ಅವರ ಭಯ ಸುಳ್ಳಲ್ಲ. ಈ ಕುಲದ ಮೀನುಗಳ ಯಕೃತ್ತು, ಅಂಡಾಶಯ, ಚರ್ಮಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ, ಅದಕ್ಕೆ ಮದ್ದೂ ಇಲ್ಲ. ಆದರೆ ಅಪಾಯ ಇರುವುದು ತಿಂದರೆ. ಗಾಯವಿಲ್ಲದ ಕೈಯಿಂದ ಹಿಡಿದು ಆಮೇಲೆ ಸೋಪು ಹಾಕಿ ತೊಳೆದುಕೊಂಡರೆ ಹೆದರಬೇಕಿಲ್ಲ. ನಾನು ಆದರೂ ರಬ್ಬರ್ ಕೈಗವಸು ಹಾಕುತ್ತೇನೆ. ನಾಲ್ಕು ಹಲ್ಲುಗಳು ಬೆಸೆದು ಕೊಕ್ಕಿನಂತಾದ ಬಾಯಿ ಬಸವನಹುಳುವಿನ ಚಿಪ್ಪನ್ನೇ ಪುಡಿ ಮಾಡುತ್ತದೆ, ಬೆರಳು ಬಿಟ್ಟೀತೇ? ಸತ್ತ ಮೀನನ್ನು ಬೆಕ್ಕು ನಾಯಿಗೆ ಎಟುಕುವಲ್ಲಿ ಎಸೆಯಲೂಬಾರದು.

ಉಬ್ಬಿದ ಪಫರ್‌ಗೆ ನಮ್ಮ ವ್ಯಾಪಾರಿಗಳು ಮಾಡುವ ಉಪಾಯಗಳು ಹೀಗಿವೆ. ಬಲೆ ಹಾಕುತ್ತಾರೆ: ಹೊಟ್ಟೆಯ ಸಣ್ಣ ಮುಳ್ಳುಗಳು ಬಲೆಗೆ ಸಿಕ್ಕಿ, ಹುರುಪೆಯಿಲ್ಲದ ಚರ್ಮ ಹರಿದು, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಹೊಟ್ಟೆ ಒತ್ತುತ್ತಾರೆ: ಒಳಗೇ ಪೆಟ್ಟಾಗುತ್ತದೆ. ಸಿರಿಂಜಿನಿಂದ ಗಾಳಿ ತೆಗೆದವರೊಬ್ಬರು ಹೊಟ್ಟೆ ಇಳಿಯಿತೆಂದು ಹಿಗ್ಗಿದ್ದರು. ಆ ಮೀನು ಸೋಂಕಿನಿಂದ ಸತ್ತಿತು.

ನಾನು ಅಂಗಡಿಯ ಪಫರ್ ಟ್ಯಾಂಕಿನಿಂದಲೇ ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ನೀರು ಒಯ್ದಿದ್ದೆ. ಅರ್ಧ ಗೆಲುವು ಅಲ್ಲಿಯೇ. ನಲ್ಲಿಯಲ್ಲಿ ಬರುವ ಹೇಮಾವತಿ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ, ಬೋರ್‌ವೆಲ್ ನೀರು ನೇರವಾಗಿ ಸುರಿದರೂ ಮೀನಿಗೆ ತಡೆಯದು. ಬಕೆಟ್ ತುಂಬಿ, ಒದ್ದೆ ಅಂಗೈಯನ್ನು ಮೀನಿನ ಕೆಳಗೆ ಜಾರಿಸಿ, ಒಂದೇ ಸಲಕ್ಕೆ ಪೂರ್ತಿ ಮುಳುಗಿಸಿದೆ. ನೀರೊಳಗೇ ಬಾಲ ಕೆಳಗೆ, ತಲೆ ಮೇಲೆ ಮಾಡಿ ಹಿಡಿದು, ಹೊಟ್ಟೆಗೆ ಬರೀ ಆಸರೆ ಕೊಟ್ಟು ಮೆಲ್ಲಗೆ ಅತ್ತಿತ್ತ ತೂಗಿದೆ. ಒತ್ತಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಯಿಯ ಅಂಚಿನಿಂದ ಸಾಸಿವೆ ಕಾಳಿನಂಥ ಒಂದು ಗುಳ್ಳೆ ಹೊರಟಿತು, ಹಿಂದೆಯೇ ನಾಲ್ಕೈದು, ಬಳಿಕ ಒಂದು ದೊಡ್ಡದು. ಬಿಗಿದ ಹೊಟ್ಟೆಯ ತೊಗಲು ಸುಕ್ಕಾಗಿ, ಎದ್ದಿದ್ದ ಮುಳ್ಳುಗಳು ಮಲಗಿದವು. ಎಲ್ಲ ಸೇರಿ ಕಾಲು ಗಂಟೆ ಹಿಡಿದಿರಬಹುದು. ಕೈ ಬಿಟ್ಟಾಗ ಮೀನು ನೇರವಾಗಿ ತಳಕ್ಕೆ ಇಳಿಯಿತು.

ಅಂದಿನಿಂದ ಆರೋಗ್ಯವಂತ ಪಫರನ್ನೂ ನಾನು ಬಲೆಯಲ್ಲಿ ಎತ್ತುವುದಿಲ್ಲ. ಪಾರದರ್ಶಕ ಡಬ್ಬವನ್ನು ನೀರೊಳಗೇ ಅಡ್ಡ ಹಿಡಿದು, ಮೀನು ಒಳಗೆ ಬಂದ ಮೇಲೆ ನೀರಿನ ಸಮೇತ ಎತ್ತುತ್ತೇನೆ. ಅದು ತಾನಾಗಿ ಡಬ್ಬದೊಳಗೆ ಬರುವಂತೆ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಉಪ್ಪಿನ ವಿಚಾರದಲ್ಲಿ ಮಾತ್ರ ಜಿಪುಣತನ ಬೇಡ. ಈ ಮೀನು ಅಳಿವೆಯದು; ಮರಿಯಾಗಿದ್ದಾಗ ಸಿಹಿನೀರಿನಲ್ಲಿ ತಡೆದುಕೊಂಡರೂ ಬೆಳೆದ ಮೇಲೆ ಬಾಳುವುದಿಲ್ಲ. ನಾನು ನೀರಿನ ಉಪ್ಪಿನಂಶ ತಿಳಿಯಲು ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.005ರಿಂದ 1.008ರೊಳಗೆ ಇಡುತ್ತೇನೆ, ಅದೂ ಸಮುದ್ರದ ಅಕ್ವೇರಿಯಂ ಉಪ್ಪಿನಿಂದಲೇ. ಆ ಉಪ್ಪಿನ ಒಂದು ಬಕೆಟ್‌ಗೆ ಎರಡು ಸಾವಿರ ರೂಪಾಯಿಯ ಹತ್ತಿರ ಬೀಳುತ್ತದೆ. ಅಡುಗೆ ಉಪ್ಪು ಹಾಕಿ ಉಳಿಸಿದ ದುಡ್ಡು ಸತ್ತ ಮೀನಿನ ಲೆಕ್ಕಕ್ಕೇ ಹೋಗುತ್ತದೆ.

ಕೊಕ್ಕು ಬೆಳೆಯುತ್ತಲೇ ಇರುವುದರಿಂದ ಚಿಪ್ಪಿನ ಆಹಾರ ಬೇಕು. ಮಹಡಿಯ ಸಿಮೆಂಟ್ ತೊಟ್ಟಿಯಲ್ಲಿ ಸೌತೆಕಾಯಿ ಹೋಳು ಹಾಕಿ ಬಸವನಹುಳು ಸಾಕಿದೆ. ನಮ್ಮ ಗಡಸು ಬೋರ್‌ವೆಲ್ ನೀರಿನಲ್ಲಿ ಅವುಗಳ ಚಿಪ್ಪು ಚೆನ್ನಾಗಿ ಗಟ್ಟಿಯಾಯಿತು. ಕೆರೆಯ ಬಸವನಹುಳುವನ್ನು ಮಾತ್ರ ನಾನು ನೇರವಾಗಿ ಹಾಕುವುದಿಲ್ಲ, ರೋಗ ತರುತ್ತದೆ. ಕೇರಳದ ನದಿಗಳ ಅಂಗುಲದುದ್ದದ ಕುಬ್ಜ ಪಫರ್‌ಗಳಿಗೂ ಇದೇ ತೊಟ್ಟಿಯ ಮರಿ ಬಸವನಹುಳು ಸಾಕಾಗುತ್ತದೆ, ಅವಕ್ಕೆ ಉಪ್ಪು ಬೇಕಿಲ್ಲ. ಈಗ ತಿಂಗಳಿಗೆ ಐನೂರು ರೂಪಾಯಿಯಷ್ಟು ಹುಳು ಬೇರೆ ಅಂಗಡಿಗಳಿಗೂ ಹೋಗುತ್ತಿದೆ. ಕೊಳ್ಳುವವರಲ್ಲಿ ಅಂದು ಬುದ್ಧಿ ಹೇಳಿದವರೂ ಇದ್ದಾರೆ.