ನಾಯಿ-ಬೆಕ್ಕಿನ ಆಸ್ಪತ್ರೆಯಲ್ಲಿ ಕೆಲಸ ಬೇಕಾ? ಮೊದಲು ಹಿಡಿಯೋದು ಕಲಿಯಿರಿ

‘ನಂಗೆ ನಾಯಿ ಅಂದ್ರೆ ಪ್ರಾಣ’ ಎಂದು ಪೆಟ್ ಕ್ಲಿನಿಕ್‌ಗೆ ಕೆಲಸ ಕೇಳಿಕೊಂಡು ಬರುವವರು ಬೇಕಾದಷ್ಟು ಜನ. ತಿಂಗಳು ಕಳೆದ ಮೇಲೂ ಉಳಿಯುವವರು ಕಮ್ಮಿ. ಅಲ್ಲಿಗೆ ಬರುವ ನಾಯಿಗೆ ನಿಮ್ಮ ಮೇಲೇನೂ ಪ್ರೀತಿ ಇರುವುದಿಲ್ಲ. ಅದಕ್ಕೆ ನೋವಿರುತ್ತದೆ, ಹೆದರಿಕೆ ಇರುತ್ತದೆ, ಬಾಯಿ ತುಂಬ ಹಲ್ಲಿರುತ್ತದೆ.

ಮೊದಲಿಗೆ ಓದಿನ ವಿಷಯ. ಬ್ರಿಟನ್‌ನಲ್ಲಿ ಪಶುವೈದ್ಯ ನರ್ಸ್ ಅನ್ನುವುದು ಪರೀಕ್ಷೆ, ನೋಂದಣಿ ಎಲ್ಲ ಇರುವ ಹುದ್ದೆ. ನಮ್ಮಲ್ಲಿ ಹಾಗೆ ಪ್ರತ್ಯೇಕ ನೋಂದಣಿ ಇಲ್ಲ. ಕ್ಲಿನಿಕ್‌ಗಳಲ್ಲಿ ಇವರನ್ನು ಅಸಿಸ್ಟೆಂಟ್ ಅಂತಲೋ ಪ್ಯಾರಾವೆಟ್ ಅಂತಲೋ ಕರೆಯುತ್ತಾರೆ. ಕೆಲವು ಮಾಲೀಕರ ಬಾಯಲ್ಲಿ ಇನ್ನೂ ‘ಕಾಂಪೌಂಡರ್’. ಎಸ್ಸೆಸ್ಸೆಲ್ಸಿ ಆದವರಿಗೆ ಇರುವ ಗಟ್ಟಿ ದಾರಿ ಪಶುಸಂಗೋಪನೆ ಡಿಪ್ಲೊಮಾ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ತಿಪಟೂರು ಹತ್ತಿರದ ಕೊನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾಂವಿಯಂಥ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಆದರೆ ಅಲ್ಲಿನ ಪಾಠದಲ್ಲಿ ಹಸು, ಎಮ್ಮೆ, ಕುರಿ, ಕೋಳಿಯದೇ ದೊಡ್ಡ ಪಾಲು. ಬೆಕ್ಕು ಹಿಡಿಯೋದನ್ನು ಕ್ಲಿನಿಕ್‌ನಲ್ಲಿ, ನುರಿತವರ ಪಕ್ಕ ನಿಂತೇ ಕಲಿಯಬೇಕು. ಡಿಪ್ಲೊಮಾ ಇಲ್ಲದವರನ್ನೂ ಖಾಸಗಿ ಕ್ಲಿನಿಕ್‌ಗಳು ಸೇರಿಸಿಕೊಳ್ಳುತ್ತವೆ, ಆದರೆ ಹೆಚ್ಚಾಗಿ ಗುಡಿಸಿ ಒರೆಸುವ ಕೆಲಸದಿಂದಲೇ ಶುರು.

ಇನ್ನೊಂದು ಮಾತು. ಕಾಯಿಲೆ ಇಂಥದ್ದು ಎಂದು ಹೇಳುವುದು, ಔಷಧ ಬರೆಯುವುದು, ಆಪರೇಷನ್ ಮಾಡುವುದು ಡಾಕ್ಟರ ಕೆಲಸ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ, ಲಸಿಕೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದರಂಥ ಸಣ್ಣ ಸೇವೆಗಳನ್ನು ಡಿಪ್ಲೊಮಾದವರು ಮಾಡಬಹುದು. ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ, ರಾಜ್ಯ ಸರ್ಕಾರ ಅನುಮತಿ ಕೊಟ್ಟಷ್ಟು. ನಾಲ್ಕು ವರ್ಷ ಕೆಲಸ ಮಾಡಿ ಬೀದಿಯಲ್ಲಿ ‘ಡಾಕ್ಟ್ರು’ ಅನ್ನಿಸಿಕೊಳ್ಳುವ ಚಪಲ ಕೆಲವರಿಗೆ ಬರುತ್ತದೆ. ಬೇಡ.

ಈಗ ಹಿಡಿಯೋದಕ್ಕೆ ಬರೋಣ. ನಾಯಿಯ ಮುಂಗಾಲಿನಿಂದ ರಕ್ತ ತೆಗೆಯಬೇಕು ಅಂದುಕೊಳ್ಳಿ. ಮೇಜಿನ ಪಕ್ಕ ನಿಂತು ಒಂದು ತೋಳನ್ನು ಅದರ ಕತ್ತಿನ ಕೆಳಗಿಂದ ಸುತ್ತಿ, ತಲೆಯನ್ನು ನಿಮ್ಮ ಹೆಗಲಿಗೆ ಒತ್ತಿಕೊಳ್ಳಿ. ಮುಖ ಡಾಕ್ಟರ ಕಡೆ ತಿರುಗಬಾರದು. ಇನ್ನೊಂದು ಕೈ ಅದರ ಬೆನ್ನಿನ ಮೇಲಿಂದ ಹೋಗಿ ಮೊಣಕೈ ಹಿಂದೆ ಕೂರಬೇಕು, ಕಾಲು ಹಿಂದಕ್ಕೆ ಎಳೆದುಕೊಳ್ಳದಂತೆ. ಹೆಬ್ಬೆರಳನ್ನು ಮೊಣಕೈ ಮಡಿಕೆಯ ಮೇಲಿಟ್ಟು ಒತ್ತಿ, ಸ್ವಲ್ಪ ಹೊರಕ್ಕೆ ಹೊರಳಿಸಿ. ರಕ್ತನಾಳ ಉಬ್ಬಿ ನಿಲ್ಲುತ್ತದೆ. ಡಾಕ್ಟರು ‘ಬಿಡಿ’ ಅಂದಾಗ ಬಿಡಬೇಕಾದ್ದು ಹೆಬ್ಬೆರಳು ಮಾತ್ರ, ನಾಯಿಯನ್ನಲ್ಲ! ಹೊಸದರಲ್ಲಿ ನಾನು ಎರಡೂ ಕೈ ಬಿಟ್ಟೆ. ಎಂಟು ಕೆಜಿಯ ಪಾಮರೇನಿಯನ್. ಸೂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಹಲ್ಲು ಮಾತ್ರ ನನ್ನ ಮಣಿಕಟ್ಟಿಗೆ ಬಿತ್ತು. ಸೂಜಿ ತೆಗೆದ ಮೇಲೆ ಆ ಜಾಗಕ್ಕೆ ಹತ್ತಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಸುಮ್ನೆ ಒರೆಸಿ ಬಿಟ್ಟರೆ ಚರ್ಮದಡಿ ರಕ್ತ ಗಡ್ಡೆ ಕಟ್ಟುತ್ತದೆ.

ಬೆಕ್ಕಿನ ಲೆಕ್ಕವೇ ಬೇರೆ. ಜಾಸ್ತಿ ಬಿಗಿ ಹಿಡಿದಷ್ಟೂ ಅದು ಜಾಸ್ತಿ ಕೆರಳುತ್ತದೆ. ಬುಟ್ಟಿಯಿಂದ ಕಾಲು ಹಿಡಿದು ಎಳೆಯಬೇಡಿ. ಮೇಲಿನ ಮುಚ್ಚಳ ಬಿಚ್ಚಿ, ಕೆಳಗಿನ ಅರ್ಧದಲ್ಲೇ ಕೂರಿಸಿಕೊಂಡು ನೋಡಿದರೆ ಎಷ್ಟೋ ಬೆಕ್ಕುಗಳು ತೆಪ್ಪಗಿರುತ್ತವೆ. ಹೊರಗೆ ತೆಗೆಯಲೇಬೇಕಾದರೆ ದಪ್ಪ ಟವೆಲ್‌ನಲ್ಲಿ ಕೂಸಿಗೆ ಸುತ್ತಿದ ಹಾಗೆ ಸುತ್ತಿ, ಬೇಕಾದ ಕಾಲೊಂದನ್ನೇ ಹೊರಗೆ ಬಿಡಿ.

ಇದು ಕೈಗೆ ಕೂತಮೇಲೆ ಎಣಿಸೋದು. ತೊಡೆಯ ಒಳಭಾಗದಲ್ಲಿ ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ. ನಮ್ಮ ಲೆಕ್ಕದಲ್ಲಿ ಅದು ಜ್ವರ, ಅದಕ್ಕಲ್ಲ. ಒಸಡನ್ನು ಒತ್ತಿ ಬಿಡಿ, ಬೆಳ್ಳಗಾದ ಜಾಗ ಎರಡು ಸೆಕೆಂಡ್ ಒಳಗೆ ಮತ್ತೆ ಕೆಂಪಾಗಬೇಕು. ತಡವಾದರೆ, ಇಲ್ಲವೇ ಒಸಡೇ ಬಿಳಿಚಿಕೊಂಡಿದ್ದರೆ ಸಾಲಿನಲ್ಲಿ ಕೂರಿಸಬೇಡಿ, ಡಾಕ್ಟರನ್ನು ಕೂಗಿ.

ಡೋಸ್ ಲೆಕ್ಕ ಹಾಕುವುದು ಡಾಕ್ಟರಾದರೂ ನಿಮಗೂ ಬರಬೇಕು. 8 ಕೆಜಿ ನಾಯಿಗೆ ಕೆಜಿಗೆ 10 ಮಿಲಿಗ್ರಾಂ ಅಂದರೆ 80 ಮಿಲಿಗ್ರಾಂ. ಬಾಟಲಿಯ ಮೇಲೆ ಮಿಲಿಲೀಟರ್‌ಗೆ 50 ಮಿಲಿಗ್ರಾಂ ಅಂತಿದ್ದರೆ 1.6 ಮಿಲಿ. ಚುಕ್ಕಿ ಕಣ್ಣಿಗೆ ಬೀಳದಿದ್ದರೆ ಅದೇ 16 ಆಗುತ್ತದೆ. ಅದಕ್ಕೇ ತುಂಬಿಸುವ ಮುಂಚೆ ಲೆಕ್ಕವನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಒಳ್ಳೆಯದು. ಫೋನ್ ಮಾಡಿ ‘ಬೆಕ್ಕಿಗೆ ಜ್ವರ, ಪ್ಯಾರಾಸಿಟಮಾಲ್ ಕೊಡಲಾ?’ ಎಂದು ಕೇಳುವವರಿಗೆ ಕೂಡಲೇ ಬೇಡ ಅನ್ನಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಇನ್ನು ಕ್ಲೀನಿಂಗ್. ಪಾರ್ವೊ, ಅಂದರೆ ನಾಯಿಮರಿಗಳಿಗೆ ವಾಂತಿಭೇದಿ ತರುವ ವೈರಸ್ ಕಾಯಿಲೆ, ಬಂದ ಮರಿ ರಕ್ತಭೇದಿ ಮಾಡಿಕೊಂಡ ಪಂಜರಕ್ಕೆ ಫಿನಾಯಿಲ್ ಸುರಿದರೆ ಘಮ್ಮೆನ್ನುತ್ತದೆ, ವೈರಸ್ ಅಲ್ಲೇ ಇರುತ್ತದೆ. ಮೊದಲು ಗಲೀಜನ್ನೆಲ್ಲ ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ, ಅದನ್ನು ಪಂಜರಕ್ಕೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಆ ಮರಿಯನ್ನು ಮುಟ್ಟಿದ ಏಪ್ರನ್‌ನಲ್ಲೇ ಪಕ್ಕದ ಮರಿಯ ಡ್ರಿಪ್ ನೋಡಲು ಹೋಗಬೇಡಿ.

ಕೊನೆಗೆ ಹೇಳುತ್ತಿದ್ದರೂ ಮಾಡಬೇಕಾದ್ದು ಮೊದಲೇ. ಸೇರುವ ಮುಂಚೆ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ನಮ್ಮಲ್ಲಿ ರೂಢಿಯಲ್ಲಿರುವುದು ಮೂರು ಡೋಸ್: ಮೊದಲ ದಿನ, ಏಳನೇ ದಿನ, 21 ಅಥವಾ 28ನೇ ದಿನ. ಆಮೇಲೂ ಕಚ್ಚಿಸಿಕೊಂಡರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಆದರೆ ಆಗ ಎರಡೇ ಡೋಸ್ ಸಾಕಾಗುತ್ತದೆ, ಗಾಯದ ಸುತ್ತ ಚುಚ್ಚುವ ಸೀರಂ ಬೇಕಾಗುವುದಿಲ್ಲ. ಪಾಮರೇನಿಯನ್ ಕಚ್ಚಿದ ದಿನ ನನಗೆ ಇದೇನೂ ಆಗಿರಲಿಲ್ಲ. ಸಂಬಳದ ಮಾತು ಬಂದಾಗಲೇ ಕೇಳಿಬಿಡಿ, ಲಸಿಕೆ ಖರ್ಚು ಯಾರದು ಅಂತ.