ಕೊನೆಯವರ ಹೆಜ್ಜೆಯೇ ಗುಂಪಿನ ವೇಗ: ಒಂದು ದಿನದ ಕಾಡು ಚಾರಣಕ್ಕೆ ಹೀಗೆ ಹೊರಡಿ

ನಾವು ಹನ್ನೊಂದು ಜನ ಹೋಗಿದ್ದೆವು. ನಡುವೆ ಒಬ್ಬ ಗೆಳತಿ ಬೂಟಿನ ಲೇಸ್ ಕಟ್ಟಿಕೊಳ್ಳಲು ಕೂತಳು. ತಲೆ ಎತ್ತಿ ನೋಡುವಷ್ಟರಲ್ಲಿ ಮುಂದೆ ಯಾರೂ ಇಲ್ಲ. ಸ್ವಲ್ಪ ದೂರದಲ್ಲೇ ದಾರಿ ಎರಡಾಯಿತು. ಅಗಲವಾಗಿ ಕಂಡ ದಾರಿಯೇ ಸರಿ ಇರಬೇಕು ಅಂತ ಅವಳು ಅತ್ತ ಹೋದಳು. ಅವಳಿಲ್ಲ ಅಂತ ನಮಗೆ ಗೊತ್ತಾಗಿದ್ದು ನಲವತ್ತು ನಿಮಿಷದ ಮೇಲೆ, ಊಟಕ್ಕೆ ಕೂತಾಗ. ಪುಣ್ಯಕ್ಕೆ ಅವಳೇ ವಾಪಸ್ ಬಂದು ಆ ಕವಲಿನಲ್ಲೇ ಕಾಯುತ್ತಾ ಕೂತಿದ್ದಳು. ಅವತ್ತಿನಿಂದ ನಾನು ಗುಂಪು ಕರೆದುಕೊಂಡು ಹೋಗುವಾಗ ಎಲ್ಲವನ್ನೂ ಕೊನೆಯಲ್ಲಿ ನಡೆಯುವವರ ಲೆಕ್ಕದಲ್ಲೇ ಯೋಚಿಸುತ್ತೇನೆ.

ಮೊದಲು ತುಣುಕು ಆರಿಸಿ

ಉದ್ದದ ಕಾಡುದಾರಿಗಳನ್ನು ಪೂರ್ತಿ ನಡೆಯಲು ತಿಂಗಳುಗಟ್ಟಲೆ ಬೇಕು. ಅಮೆರಿಕದ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್ ಇದೆ, 14 ರಾಜ್ಯಗಳನ್ನು ಹಾದು ಹೋಗುತ್ತದೆ. ಆದರೆ ಇಂಥ ದಾರಿಗಳು ಅಲ್ಲಲ್ಲಿ ರಸ್ತೆಯನ್ನು ದಾಟುತ್ತವೆ. ಒಂದು ರಸ್ತೆಯಿಂದ ಇನ್ನೊಂದು ರಸ್ತೆಯವರೆಗಿನ ತುಣುಕು ಒಂದು ದಿನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಹೀಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದಾದರೆ ಎರಡು ಗಾಡಿ ಬೇಕು. ಒಂದನ್ನು ಬೆಳಿಗ್ಗೆಯೇ ಮುಗಿಯುವ ಜಾಗದಲ್ಲಿ ಬಿಟ್ಟು ಬನ್ನಿ. ಅದರ ಕೀ ನಡೆಯುವವರ ಜೇಬಿನಲ್ಲೇ ಇದೆಯಾ ಅಂತ ಹೊರಡುವ ಮುಂಚೆ ಮುಟ್ಟಿ ನೋಡಿಸಿ. ಕೀ ಹೊರಡುವ ಜಾಗದಲ್ಲಿ ನಿಲ್ಲಿಸಿದ ಗಾಡಿಯಲ್ಲೇ ಉಳಿದುಹೋಗುವುದು ಸಾಮಾನ್ಯ. ಮೊದಲ ಸಲ ಹೋಗುವ ಗುಂಪಾದರೆ ಹೋದ ದಾರಿಯಲ್ಲೇ ವಾಪಸ್ ಬರುವುದು ಒಳ್ಳೆಯದು. ಯಾರಿಗಾದರೂ ಸುಸ್ತಾದರೆ ಅಲ್ಲಿಂದಲೇ ತಿರುಗಬಹುದು.

ಎಷ್ಟು ಹೊತ್ತು ಬೇಕು?

ಇಲ್ಲೇ ಜಾಸ್ತಿ ಜನ ಎಡವುವುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಇವತ್ತಿಗೂ ಬಳಸುತ್ತಾರೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 14 ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ 3 ಗಂಟೆ 48 ನಿಮಿಷ ಆಯಿತು. ಆದರೆ ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆದರೆ ಮಾತ್ರ. ಗುಂಪು ಅಂದಮೇಲೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಊಟ ಮತ್ತು ವಿಶ್ರಾಂತಿಗೆ ಒಂದು ಗಂಟೆ ಸೇರಿಸಿ. ಹತ್ತಿರ ಹತ್ತಿರ ಏಳು ಗಂಟೆ ಬೇಕು! ಕಾಡಿನೊಳಗೆ ಕತ್ತಲು ಬಯಲಿಗಿಂತ ಬೇಗ ಬರುತ್ತದೆ. ಹಾಗಾಗಿ ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಹೊರಗೆ ಬರುವ ಹಾಗೆ ಹೊರಡಿ.

'ಇಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗುತ್ತೇವೆ' ಅಂತ ಒಂದು ಸಮಯವನ್ನು ಮೊದಲೇ ಗೊತ್ತು ಮಾಡಿ, ಎಲ್ಲರ ಮುಂದೆ ಹೇಳಿ. ಶಿಖರ ಕಣ್ಣೆದುರೇ ಇರುವಾಗ ತಿರುಗೋಣ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಮನೆಯಲ್ಲಿರುವ ಒಬ್ಬರಿಗೂ ದಾರಿ, ಜನರ ಸಂಖ್ಯೆ, ವಾಪಸಾಗುವ ಸಮಯ ಬರೆದು ಕೊಡಿ.

ಬ್ಯಾಗು

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ, ಬಿಸಿಲಿದ್ದರೆ ಇನ್ನೂ ಜಾಸ್ತಿ. ಮಳೆ ಕೋಟು, ಟಾರ್ಚ್, ಸೀಟಿ, ಕಾಗದದ ನಕ್ಷೆ. ಇವು ಒಬ್ಬರಲ್ಲಿದ್ದರೆ ಸಾಲದು, ಪ್ರತಿಯೊಬ್ಬರ ಬ್ಯಾಗಿನಲ್ಲೂ ಸೀಟಿ ಮತ್ತು ಟಾರ್ಚ್ ಇರಲಿ. ತಣ್ಣನೆ ಹವೆಯಲ್ಲಿ ಹತ್ತಿ ಬಟ್ಟೆ ಬೇಡ. ಬೆವರಲ್ಲಿ ನೆನೆದರೆ ಬೇಗ ಆರುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹೊಸ ಬೂಟನ್ನು ಅವತ್ತೇ ಮೊದಲ ಸಲ ಹಾಕಬೇಡಿ.

ಹಿಮ್ಮಡಿಯ ಬಗ್ಗೆ ಒಂದು ಮಾತು. ಬೊಬ್ಬೆ ಏಳುವ ಮುಂಚೆ ಆ ಜಾಗ ಸಣ್ಣಗೆ ಬಿಸಿಯಾಗುತ್ತದೆ, ಕಾಲುಚೀಲ ಉಜ್ಜುವುದು ಗೊತ್ತಾಗುತ್ತದೆ. ಆಗಲೇ ಕೂತು ಬೂಟು ಬಿಚ್ಚಿ. ಚರ್ಮವನ್ನು ಚೆನ್ನಾಗಿ ಒರೆಸಿ, ಮೆಡಿಕಲ್ ಟೇಪನ್ನು ಸುಕ್ಕಿಲ್ಲದೆ ಅಂಟಿಸಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಕಿತ್ತು ಬರುವುದಿಲ್ಲ. ಐದು ನಿಮಿಷದ ಕೆಲಸ. ಆದರೆ ಗುಂಪನ್ನು ನಿಲ್ಲಿಸಲು ಸಂಕೋಚಪಟ್ಟು ಎಷ್ಟೋ ಜನ ಕುಂಟುತ್ತಲೇ ನಡೆಯುತ್ತಾರೆ. ಅದಕ್ಕೇ ಮೊದಲ ಅರ್ಧ ಗಂಟೆ ಆದಮೇಲೆ ನೀವೇ ಎಲ್ಲರನ್ನೂ ನಿಲ್ಲಿಸಿ, 'ಕಾಲು ಹೇಗಿದೆ?' ಅಂತ ಒಬ್ಬೊಬ್ಬರನ್ನೇ ಕೇಳಿ.

ನಡೆಯುವಾಗ

ಮುಂದೆ ದಾರಿ ಗೊತ್ತಿರುವ ಒಬ್ಬರು, ಹಿಂದೆ ಅನುಭವ ಇರುವ ಇನ್ನೊಬ್ಬರು. ಈ ಹಿಂದಿನವರು ಯಾರನ್ನೂ ಹಿಂದೆ ಹಾಕಬಾರದು, ಅಂದರೆ ಅವರ ಹಿಂದೆ ಯಾರೂ ಉಳಿಯಬಾರದು. ಲೇಸ್ ಕಟ್ಟಲು ಯಾರು ನಿಂತರೂ ಈ ಹಿಂದಿನವರೂ ನಿಲ್ಲುತ್ತಾರೆ. ನಿಧಾನ ನಡೆಯುವವರು ಮುಂದೆ ದಾರಿ ತೋರಿಸುವವರ ಬೆನ್ನಿಗೇ ಇರಲಿ. ಆಗ ವೇಗ ತಾನಾಗೇ ಸರಿಹೋಗುತ್ತದೆ. ಮಾತಾಡುತ್ತಾ ನಡೆಯಲು ಆಗದಷ್ಟು ದಮ್ಮು ಕಟ್ಟಿದರೆ ಅದು ಜಾಸ್ತಿ ವೇಗ ಅಂತಲೇ ಅರ್ಥ.

ಸಾಮಾನ್ಯವಾಗಿ ಮುಂದೆ ಹೋದವರು ನಿಂತು ಕಾಯುತ್ತಾರೆ, ಹಿಂದಿನವರು ಬಂದು ಸೇರಿದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಯಾರಿಗೆ ಬೇಕಿತ್ತೋ ಅವರಿಗೇ ಸಿಗಲಿಲ್ಲ, ಅಲ್ವಾ? ಕೊನೆಯವರು ಬಂದು, ನೀರು ಕುಡಿದು, ಉಸಿರು ಸರಿಹೋದ ಮೇಲೇ ಹೊರಡಿ.

ಪ್ರತಿ ಕವಲಿನಲ್ಲೂ ಎಲ್ಲರೂ ಸೇರುವವರೆಗೆ ನಿಲ್ಲಬೇಕು, ತಲೆ ಎಣಿಸಬೇಕು. ಇದಕ್ಕೆ ವಿನಾಯಿತಿ ಬೇಡ.

ಮರದ ಮೇಲಿನ ಗುರುತು

ಅಪಲಾಚಿಯನ್ ಟ್ರೇಲ್‌ನಲ್ಲಿ ಮರಗಳ ಮೇಲೆ 2 ಇಂಚು ಅಗಲ, 6 ಇಂಚು ಎತ್ತರದ ಬಿಳಿ ಪಟ್ಟಿ ಬಳಿದಿರುತ್ತಾರೆ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ, ಹುಷಾರು ಅಂತ. ನೀಲಿ ಇದ್ದರೆ ಪಕ್ಕದ ದಾರಿ. ಫ್ರಾನ್ಸಿನ ಉದ್ದದ ಕಾಲುದಾರಿಗಳಲ್ಲಿ ಬಿಳಿ ಮತ್ತು ಕೆಂಪು ಪಟ್ಟಿಗಳಿರುತ್ತವೆ, ಅವೇ ಬಣ್ಣಗಳಲ್ಲಿ ಕತ್ತರಿ (X) ಗುರುತಿದ್ದರೆ ಅತ್ತ ಹೋಗಬೇಡಿ ಅಂತ. ನಿಮ್ಮ ದಾರಿಯ ಗುರುತು ಯಾವುದು ಅಂತ ಹೊರಡುವ ಜಾಗದಲ್ಲೇ ಎಲ್ಲರಿಗೂ ತೋರಿಸಿ. ತುಂಬಾ ಹೊತ್ತು ಗುರುತು ಕಾಣದಿದ್ದರೆ ಕೊನೆಯ ಸಲ ಕಂಡ ಗುರುತಿಗೆ ವಾಪಸ್ ಬನ್ನಿ. ಅಡ್ಡ ದಾರಿ ಹುಡುಕಲು ಹೋಗಬೇಡಿ.

ಯಾರಾದರೂ ತಪ್ಪಿಸಿಕೊಂಡರೆ? 'ಗುಂಪು ಕಾಣದಿದ್ದರೆ ಅಲ್ಲೇ ಕೂತು ಸೀಟಿ ಊದು' ಅನ್ನುವುದನ್ನು ಬೆಳಿಗ್ಗೆಯೇ ಹೇಳಿಡಿ. ಆಲ್ಪ್ಸ್ ಪರ್ವತಗಳಲ್ಲಿ ಸಹಾಯ ಬೇಕಾದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುತ್ತಾರೆ. ಹುಡುಕಲು ಎಲ್ಲರೂ ಚದುರಬಾರದು. ಇಬ್ಬರು ಹೋಗಲಿ, ಉಳಿದವರು ಒಂದೇ ಕಡೆ ಇರಲಿ.

ಗುಡುಗು ಕೇಳಿದರೆ ಬೆಟ್ಟದ ನೆತ್ತಿಯಿಂದ ತಕ್ಷಣ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಶೌಚಕ್ಕೆ ಹೋಗಬೇಕಾದರೆ ನೀರಿನಿಂದಲೂ ದಾರಿಯಿಂದಲೂ ಅರವತ್ತು ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ, ಆಮೇಲೆ ಮುಚ್ಚಿ. ತಂದ ಕವರು, ಸಿಪ್ಪೆ ಎಲ್ಲ ವಾಪಸ್ ಬರಲಿ.

ಇಳಿಯುವಾಗ ಅವಸರ ಬೇಡ. ಸುಸ್ತಾದ ಕಾಲು ಜಾರುವುದು ಆಗಲೇ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ.

ಹೊರಗೆ ಬಂದಮೇಲೆ ಇನ್ನೊಮ್ಮೆ ತಲೆ ಎಣಿಸಿ. ಮಂಡಿಯ ಹಿಂದೆ, ಕಂಕುಳು, ಕೂದಲ ಅಂಚಿನಲ್ಲಿ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಆಮೇಲೆ ಮನೆಯಲ್ಲಿ ಕಾಯುತ್ತಿರುವವರಿಗೆ ಫೋನ್ ಮಾಡಿ, ಎಲ್ಲರೂ ಬಂದೆವು ಅಂತ ಹೇಳಿ.