ಸಾಗರದಲ್ಲಿ ಆಕಾಶವೀಕ್ಷಕರ ಬಳಗ ಕಟ್ಟಿದ ಬಗೆ

ತಮ್ಮ ಊರಿನಲ್ಲಿಯೂ ಖಗೋಳ ಬಳಗವೊಂದನ್ನು ಆರಂಭಿಸಬೇಕೆಂದಿರುವವರು ಮೊದಲು ಕೇಳುವುದು ಯಾವ ದೂರದರ್ಶಕ ಕೊಳ್ಳಬೇಕೆಂಬುದನ್ನೇ. ಅದಕ್ಕಿಂತ ಮೊದಲು ಊರಿನ ಆಕಾಶಕ್ಕೆ ಹೊಂದುವ ವರ್ಷದ ಪಟ್ಟಿಯೊಂದನ್ನು ಬರೆದುಕೊಳ್ಳಬೇಕೆಂದು ನನ್ನ ಅನುಭವದಿಂದ ಹೇಳಬಲ್ಲೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಕ್ಷತ್ರ ನೋಡುವ ಮಾತೇ ಇಲ್ಲ. ಪುಸ್ತಕಗಳು ಹೊಗಳುವ ಆಗಸ್ಟ್ ತಿಂಗಳ ಪರ್ಸಿಯಿಡ್ ಉಲ್ಕೆಗಳು ಮಲೆನಾಡಿನವರಿಗೆ ಮೋಡದ ಆಚೆಯೇ ಉಳಿಯುತ್ತವೆ. ನಮಗೆ ಒದಗುವುದು ಡಿಸೆಂಬರ್ 13–14ರ ರಾತ್ರಿಯ ಜೆಮಿನಿಡ್ ಉಲ್ಕೆಗಳು. ಆದ್ದರಿಂದ ನಮ್ಮ ಬಳಗದ ವರ್ಷ ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಆರಂಭದಲ್ಲಿ ನಮ್ಮ ಬಳಿ ಇದ್ದುದು ಒಂದು 10×50 ಬೈನಾಕ್ಯುಲರ್ ಮಾತ್ರ. ಅದನ್ನು ಕಂಬಕ್ಕೆ ಒತ್ತಿ ಹಿಡಿದರೆ ಗುರುಗ್ರಹದ ಚಂದ್ರರೂ, ಕೃತ್ತಿಕೆಯ ಗೊಂಚಲಿನಲ್ಲಿ ಬರಿಗಣ್ಣಿಗೆ ಕಾಣದ ಹತ್ತಾರು ನಕ್ಷತ್ರಗಳೂ ಕಾಣುತ್ತವೆ. ಮೊದಲ ವರ್ಷಕ್ಕೆ ಅದು ಧಾರಾಳವಾಗಿ ಸಾಕು.

ತಿಂಗಳಿಗೆ ಎರಡು ಕೂಟಗಳನ್ನು ಗೊತ್ತುಮಾಡಿದೆವು. ಮೊದಲನೆಯದು ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಸಂಜೆ, ಪೇಟೆಯೊಳಗಿನ ಶಾಲಾ ಮೈದಾನದಲ್ಲಿ. ಹುಣ್ಣಿಮೆಯ ದಿನವೇ ಚಂದ್ರನನ್ನು ತೋರಿಸಿ ಎಂದು ಬಹಳ ಜನ ಕೇಳುತ್ತಾರೆ. ಆದರೆ ಅಂದು ಬೆಳಕು ನೇರವಾಗಿ ಬೀಳುವುದರಿಂದ ನೆರಳಿಲ್ಲದೆ ಚಂದ್ರನ ಮೈ ಚಪ್ಪಟೆಯಾಗಿ ಕಾಣುತ್ತದೆ. ಅಷ್ಟಮಿಯಂದು ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ಅಂಚು ಉದ್ದುದ್ದ ನೆರಳು ಚೆಲ್ಲುತ್ತದೆ. ಕುಳಿಗಳ ಆಳ ಮಕ್ಕಳಿಗೆ ಹೇಳಿಕೊಡದೆಯೇ ತಿಳಿಯುತ್ತದೆ. ಎರಡನೆಯ ಕೂಟ ಅಮಾವಾಸ್ಯೆಗೆ ಹತ್ತಿರದ ಶನಿವಾರ ರಾತ್ರಿ, ಊರ ಹೊರಗೆ. ಅಮಾವಾಸ್ಯೆಯಂದೇ ಮಕ್ಕಳನ್ನು ಕತ್ತಲಿಗೆ ಕಳಿಸಲು ಅನೇಕ ಮನೆಗಳಲ್ಲಿ ಮನಸ್ಸಿರುವುದಿಲ್ಲ. ಒಂದೆರಡು ದಿನ ಹಿಂದೆ ಮುಂದೆ ಮಾಡಿದರೆ ಆಕಾಶಕ್ಕೆ ಏನೂ ಕೊರತೆಯಾಗುವುದಿಲ್ಲ, ಮನೆಯವರಿಗೂ ಸಮಾಧಾನ. ಇಂಥ ವಿಷಯದಲ್ಲಿ ವಾದಕ್ಕೆ ನಿಲ್ಲುವುದು ತರವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಾಗಕ್ಕಾಗಿ ಸಾಕಷ್ಟು ಅಲೆದೆವು. ಮಲೆನಾಡಿನಲ್ಲಿ ಕತ್ತಲೆಗೆ ಬರವಿಲ್ಲ, ಬಯಲಿಗೆ ಬರ. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಕಾಡು. ಕೊನೆಗೆ ಕೃಷಿಕರೊಬ್ಬರು ತಮ್ಮ ತೋಟದ ಮೇಲ್ಗಡೆಯ ಹುಲ್ಲಿನ ಬೇಣವನ್ನು ಬಳಸಿಕೊಳ್ಳಲು ಒಪ್ಪಿದರು. ಅಲ್ಲಿ ದಕ್ಷಿಣ ದಿಕ್ಕು ತೆರೆದಿದೆ, ಮನೆ ಹತ್ತಿರವಿರುವುದರಿಂದ ಹೆಣ್ಣುಮಕ್ಕಳಿಗೆ ಶೌಚಾಲಯದ ಅನುಕೂಲವೂ ಇದೆ. ಈ ಎರಡನೆಯ ಸಂಗತಿಯನ್ನು ಗಮನಿಸದ ಬಳಗದಲ್ಲಿ ಗಂಡಸರಷ್ಟೇ ಉಳಿಯುತ್ತಾರೆ. ಪ್ರತಿ ಕೂಟಕ್ಕೂ ಮುನ್ನ ಪೊಲೀಸ್ ಠಾಣೆಗೆ ತಿಳಿಸುತ್ತೇವೆ, ಟಾರ್ಚುಗಳಿಗೆ ಕೆಂಪು ಹಾಳೆ ಸುತ್ತುತ್ತೇವೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬೇಕಾದ ಅರ್ಧ ಗಂಟೆ ಯಾರೂ ಮೊಬೈಲ್ ತೆಗೆಯಬಾರದೆಂದು ಕೇಳಿಕೊಳ್ಳುತ್ತೇವೆ. ಸುಮಾರು 14 ಡಿಗ್ರಿ ಅಕ್ಷಾಂಶದ ನಮ್ಮೂರಿನಲ್ಲಿ ಧ್ರುವ ನಕ್ಷತ್ರ ಉತ್ತರದ ಮರಗಳಲ್ಲಿ ಮರೆಯಾಗುವಷ್ಟು ತಗ್ಗಿನಲ್ಲಿದೆ. ಆದರೆ ಏಪ್ರಿಲ್–ಮೇ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ (ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪು) ದಕ್ಷಿಣದಲ್ಲಿ 28 ಡಿಗ್ರಿಯಷ್ಟು ಮೇಲೇರುತ್ತದೆ. ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಗುಚ್ಛವಾದ ಅದನ್ನು ಯುರೋಪಿನ ಬಹುಪಾಲು ವೀಕ್ಷಕರು ತಮ್ಮ ಊರಿನಿಂದ ನೋಡಲಾರರು.

ಬಳಗಕ್ಕೆ ಹಿರಿಯರು ಬರತೊಡಗಿದ್ದು ಬೇರೆಯದೇ ದಾರಿಯಿಂದ. ಬೇಣದ ಯಜಮಾನರು ಒಂದು ರಾತ್ರಿ, "ಆರ್ದ್ರಾ ಮಳೆ ಅಂತೀವಲ್ಲ, ಆ ನಕ್ಷತ್ರ ಯಾವ್ದು ತೋರಿಸಿ ಮಾರಾಯ್ರೆ" ಎಂದರು. ಡಿಸೆಂಬರ್ ತಿಂಗಳಾದ್ದರಿಂದ ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರ ಪೂರ್ವದಲ್ಲಿ ಆಗಲೇ ಏರಿತ್ತು. ಮಳೆಯ ತಿಂಗಳಲ್ಲಿ ಬರಬೇಕಾದ ಆರ್ದ್ರೆ ಚಳಿಗಾಲದಲ್ಲಿ ಏಕೆ ಕಾಣುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆ. ಮಳೆಯ ಹೆಸರು ಸೂರ್ಯನಿರುವ ನಕ್ಷತ್ರದ್ದು. ಜೂನ್ 22ರ ಸುಮಾರಿಗೆ ಸೂರ್ಯ ಆರ್ದ್ರೆಯನ್ನು ಪ್ರವೇಶಿಸುವುದರಿಂದ ಆ ನಕ್ಷತ್ರ ಆಗ ಹಗಲಿನ ಆಕಾಶದಲ್ಲಿ ಅವನ ಜೊತೆಯಲ್ಲೇ ಇರುತ್ತದೆ, ಆರು ತಿಂಗಳ ನಂತರ ಭೂಮಿ ಸೂರ್ಯನ ಇನ್ನೊಂದು ಬದಿಗೆ ಬಂದಾಗ ರಾತ್ರಿಯಿಡೀ ಕಾಣುತ್ತದೆ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ರೈತರು ಮಳೆ ನಕ್ಷತ್ರಗಳನ್ನು ಎಣಿಸುವ ಅವಧಿಯೂ ಇಷ್ಟೇ. ಭೂಮಿಯ ಪರಿಭ್ರಮಣೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಇದುವರೆಗೆ ಸಿಕ್ಕಿಲ್ಲ. ರೋಹಿಣಿ, ಮೃಗಶಿರ, ಚಿತ್ತೆ, ಸ್ವಾತಿಗಳನ್ನು ಹೆಸರಿನಿಂದ ಬಲ್ಲ ಜನ ಅವುಗಳನ್ನು ಕಣ್ಣಾರೆ ಕಾಣಬೇಕೆಂದು ಮುಂದಿನ ಕೂಟಗಳಿಗೆ ನೆರೆಹೊರೆಯವರನ್ನೂ ಕರೆತಂದರು. ಜಾತಕದ ಪ್ರಶ್ನೆಗಳೂ ಬರುತ್ತವೆ. ನೋಡಿ ಅಳೆಯಬಹುದಾದದ್ದನ್ನು ಮಾತ್ರ ನಾವು ಇಲ್ಲಿ ಮಾತಾಡುತ್ತೇವೆಂದು ಗೌರವದಿಂದಲೇ ತಿಳಿಸುತ್ತೇವೆ.

ಹಗಲಿನ ಕಾರ್ಯಕ್ರಮಗಳಲ್ಲಿ, ಸೂರ್ಯ ನಡುಹಗಲಿಗೆ ನೇರ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನವೇ ಮುಖ್ಯ. ಸಾಗರದಲ್ಲಿ ಅದು ಏಪ್ರಿಲ್ 28ರ ಆಸುಪಾಸು. ಆಗಸ್ಟ್‌ನಲ್ಲಿ ಬರುವ ಎರಡನೆಯದು ಮಳೆಗೆ ಸಿಕ್ಕಿಬಿಡುತ್ತದೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಾಯವಾಗುವುದು 12 ಗಂಟೆಗಲ್ಲ, ಸುಮಾರು 12 ಗಂಟೆ 27 ನಿಮಿಷಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಆಸುಪಾಸಿನಲ್ಲಿ ಎಂಬುದನ್ನು ಮಕ್ಕಳು ಈ ಅಂತರದಿಂದ ತಾವೇ ಲೆಕ್ಕ ಹಾಕಿ ಕಂಡುಕೊಳ್ಳುತ್ತಾರೆ.

ದೂರದರ್ಶಕ ಬಂದದ್ದು ಇಷ್ಟೆಲ್ಲ ಆದ ಮೇಲೆ. 6 ಇಂಚಿನ, 1200 ಮಿಲಿಮೀಟರ್ ನಾಭಿದೂರದ ಕನ್ನಡಿಯನ್ನು ಚಂದಾ ಹಣದಿಂದ ತರಿಸಿ, ಪಿವಿಸಿ ಪೈಪಿನೊಳಗೆ ಕೂರಿಸಿ, ದೂರದರ್ಶಕವನ್ನು ಕೈಯಿಂದ ತಿರುಗಿಸಲು ಬರುವ ಸರಳವಾದ ಡಾಬ್ಸೋನಿಯನ್ ಪೀಠವನ್ನು ಪ್ಲೈವುಡ್ಡಿನಲ್ಲಿ ಊರಿನ ಬಡಗಿಯವರಿಂದ ಮಾಡಿಸಿದೆವು. ತಿರುಗುವ ತಳಕ್ಕೆ ಸನ್‌ಮೈಕಾ ಅಂಟಿಸಿ ಅದರಡಿ ಟೆಫ್ಲಾನ್ ತುಂಡುಗಳನ್ನಿಟ್ಟರೆ ಬೆರಳಿನಿಂದ ತಳ್ಳಿದಷ್ಟೇ ಸರಿದು ನಿಲ್ಲುತ್ತದೆ. 25 ಮಿಲಿಮೀಟರ್ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) 48 ಪಟ್ಟು, 10 ಮಿಲಿಮೀಟರ್‌ನದರಲ್ಲಿ 120 ಪಟ್ಟು ಹಿಗ್ಗುವಿಕೆ ದೊರೆಯುತ್ತದೆ. ಮಲೆನಾಡಿನವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಬೂಷ್ಟಿನ ವಿಷಯದಲ್ಲಿ: ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೆಳೆದ ಬೂಷ್ಟು ಗಾಜಿನ ಲೇಪನವನ್ನೇ ತಿನ್ನುತ್ತದೆ. ಐಪೀಸು, ಬೈನಾಕ್ಯುಲರ್‌ಗಳನ್ನು ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹರಳುಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು.

ಪ್ರತಿಯೊಬ್ಬ ಸದಸ್ಯರಿಗೂ ಒಂದು ಟಿಪ್ಪಣಿ ಪುಸ್ತಕವಿದೆ. ಗುರುವಿನ ನಾಲ್ಕು ಚಂದ್ರರ ಸ್ಥಾನವನ್ನು ಸತತ ರಾತ್ರಿಗಳಲ್ಲಿ ಚುಕ್ಕೆಯಿಟ್ಟು ಬರೆಯುವುದು ಹೊಸಬರಿಗೆ ಕೊಡುವ ಮೊದಲ ಕೆಲಸ. ಅವುಗಳಲ್ಲೊಂದಾದ ಅಯೋ ಎರಡು ದಿನವೂ ತುಂಬುವ ಮೊದಲೇ ಒಂದು ಸುತ್ತು ಮುಗಿಸುವುದನ್ನು ತಮ್ಮದೇ ಚಿತ್ರದಲ್ಲಿ ಕಂಡವರು ಮತ್ತೆ ಬರುತ್ತಾರೆ. 2025ರ ಮಾರ್ಚ್‌ನಲ್ಲಿ ಶನಿಯ ಉಂಗುರಗಳ ಅಂಚು ನಮ್ಮತ್ತ ತಿರುಗಿತ್ತು. ಅದಾದ ಮೇಲೆ ಆ ವರ್ಷವೆಲ್ಲ ಉಂಗುರ ತೆಳುವಾದ ಗೆರೆಯಂತೆ ಇತ್ತು. ಹಿಂದಿನ ವರ್ಷಗಳ ಚಿತ್ರಗಳು ಪುಸ್ತಕದಲ್ಲಿದ್ದುದರಿಂದ, ಅಗಲವಾದ ಉಂಗುರ ನೋಡಲು ಬಂದವರಿಗೆ ಆ ಬದಲಾವಣೆಯನ್ನೇ ತೋರಿಸಲು ಸಾಧ್ಯವಾಯಿತು.

ಪಿಯುಸಿ ಮುಗಿಸಿದ ಮಕ್ಕಳು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿಬಿಡುವುದು ಸಣ್ಣ ಊರಿನ ಬಳಗಗಳ ದೊಡ್ಡ ಕಷ್ಟ. ಅದಕ್ಕಾಗಿ ಪ್ರತಿ ಜವಾಬ್ದಾರಿಯನ್ನೂ ಒಬ್ಬ ವಿದ್ಯಾರ್ಥಿಗೂ ಊರಲ್ಲೇ ನೆಲೆಸಿರುವ ಒಬ್ಬ ಹಿರಿಯರಿಗೂ ಜಂಟಿಯಾಗಿ ಒಪ್ಪಿಸುತ್ತೇವೆ. ಈಗ ಅಂಥ ಒಂದು ಜೋಡಿ 2027ರ ಆಗಸ್ಟ್ 2ರ ಸೂರ್ಯಗ್ರಹಣದ ಸಿದ್ಧತೆಯಲ್ಲಿದೆ. ಭಾರತದಲ್ಲಿ ಅದು ಪಾರ್ಶ್ವಗ್ರಹಣ, ಇಳಿಹೊತ್ತಿನಲ್ಲಿ. ಸಾಗರದಲ್ಲಿ ಆಗ ಜಡಿಮಳೆಯ ಕಾಲವಾದ್ದರಿಂದ, ಮಳೆ ಕಡಿಮೆಯಿರುವ ಚಿತ್ರದುರ್ಗದ ಕಡೆಗೆ ಬಸ್ಸು ಮಾಡಿಕೊಂಡು ಹೋಗುವುದೆಂದು ನಿಶ್ಚಯಿಸಿ ಅದಕ್ಕೆ ಹಣ ಕೂಡಿಸುತ್ತಿದ್ದೇವೆ.